ಮಾಗಿಯ ನೈಟ್ ಡ್ಯೂಟಿ

ರಿಪ್ಪನ್‌ಪೇಟೆಯಲ್ಲಿ ಮೋನು ಬ್ಯಾರಿಯವರ ಸಾ ಮಿಲ್ಲು
ನಿಂತು ಹನ್ನೊಂದು ವರ್ಷ.
ಗರಗಸವಿದ್ದ ಕಡೆ ಈಗ ನಮ್ಮ ಗಾಡಿ.
ತಿಂಗಳಿಗೆ ನಾನೂರು, ಕರೆಂಟು ಬೇರೆ.

ಹರಾಜಿನಲ್ಲಿ ಹಿಡಿದದ್ದು. ಮೊದಲು ಆಂಬುಲೆನ್ಸು.
ಅರ್ಧ ನನ್ನ ಪೆನ್ಶನ್ನು, ಅರ್ಧ ಸೆಲಿನ್‌ಳದು.
ಸ್ಟ್ರೆಚರಿನ ಜಾಗಕ್ಕೆ ಮಂಚ,
ಆಕ್ಸಿಜನ್ ಇದ್ದಲ್ಲಿ ಪುಟಾಣಿ ಗ್ಯಾಸು,
ಸಲೈನ್ ಕೊಕ್ಕೆಯಲ್ಲಿ ಟೀ ಸೋಸುವ ಜಾಲರಿ.
ಬಾದಾಮಿ, ಬೀದರ್, ಒಂದು ಸಲ ಭೋಪಾಲದವರೆಗೂ.
ದೀಪಾವಳಿ ಕಳೆಯಿತೋ, ಅವಳ ಮೊಣಕಾಲು ಹಿಡಿಯುತ್ತದೆ,
ನನಗೆ ಉಬ್ಬಸ.
ಗಾಡಿಯನ್ನೂ ಆಗಲೇ ಅಡ್ಮಿಟ್ ಮಾಡುವುದು.

ಮೊದಲು ನೀರು ತೆಗೆಯಬೇಕು,
ಟ್ಯಾಂಕಿನದು, ಕೊಳವೆಯದು, ನಲ್ಲಿಯ ಗಂಟಲಿನದು.
ಕ್ಯಾಥೆಟರ್ ಹಾಕಿದ ಹಾಗೆ ಟ್ಯೂಬು ತೂರಿಸಿ
ಕೊನೆಯ ಹನಿಗೂ ಕಾಯುತ್ತಾಳೆ ಸೆಲಿನ್.
ನಮ್ಮ ಚಳಿಗೆ ನೀರು ಹೆಪ್ಪುಗಟ್ಟುವುದಿಲ್ಲ.
ನಮ್ಮ ಚಳಿಗೆ ನೀರು ನಾರುತ್ತದೆ.

ಆಮೇಲೆ ಅಚ್ಚಿನಡಿಗೆ ದಿಮ್ಮಿ. ಒಂದೇ ಮಗ್ಗುಲಿಗೆ ಬಿದ್ದುಕೊಂಡರೆ
ಟಯರಿಗೂ ಬೆಡ್‌ಸೋರ್.
ಸೈಲೆನ್ಸರ್ ಬಾಯಿಗೆ ತೆಂಗಿನ ನಾರು, ಇಲಿಗೆ.
ಮೂಲೆಗಳಿಗೆ ಡಬ್ಬಿಯಲ್ಲಿ ಸುಣ್ಣದ ಹರಳು;
ವಾರ ಬಿಟ್ಟು ನೋಡಿದರೆ ಗಾಳಿಯ ನೀರೆಲ್ಲ ಕುಡಿದು
ಹಿಟ್ಟಾಗಿ ಊದಿಕೊಂಡಿರುತ್ತದೆ.
ತಾಡಪಾಲು ಬಿಗಿಯಬೇಡ ಎಂದರೆ ಬ್ಯಾರಿಯ ಮಗ ಕೇಳುವುದಿಲ್ಲ.
‘ಚಳಿಯಲ್ವಾ ಅಮ್ಮ?’
ಚಳಿ ಏನೂ ಮಾಡುವುದಿಲ್ಲ ಮಾರಾಯ.
ಬೆವರು ಕೊಲ್ಲುತ್ತದೆ.

ಒಳಗೆ ಹಗಲೂ ರಾತ್ರಿ ಒಂದು ಅರವತ್ತು ಕ್ಯಾಂಡಲ್ ಬಲ್ಬು.
ಈಗಿನ ಬಲ್ಬುಗಳಿಗೆ ಬೆಳಕು ಕೊಡಲು ಗೊತ್ತು, ಕಾವು ಕೊಡಲು ಗೊತ್ತಿಲ್ಲ.
ಗರ್ತಿಕೆರೆಯ ಕೋಳಿ ಫಾರಂನವನ ಕಾಲು ಹಿಡಿದು ತಂದದ್ದು,
ಎರಡು, ಒಂದು ಸ್ಪೇರು.

ಮೊನ್ನೆ ಎಳ್ಳಮಾವಾಸ್ಯೆಯ ಮಾರನೇ ದಿನ
ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಎರಡು ರಾತ್ರಿ ಕತ್ತಲೆ.
ಮಂಜು ಶೆಡ್ಡಿನೊಳಗೇ ಬಂದು ನಿಂತಿತ್ತು,
ಚೀಟಿ ಬರೆಸಲು ಬಂದವರ ಹಾಗೆ.
ಎಚ್ಚರಾಗಿ ನೋಡಿದರೆ ಪಕ್ಕದಲ್ಲಿ ಸೆಲಿನ್ ಇಲ್ಲ.

ಬಚ್ಚಲೊಲೆಯ ಕೆಂಡ ಬಾಂಡಲಿಗೆ ತುಂಬಿಕೊಂಡು
ಗಾಡಿಯೊಳಗಿಟ್ಟು
ಬಾಗಿಲು ಎಳೆದು ಕೂತಿದ್ದಾಳೆ. ಮಂಕಿಕ್ಯಾಪು.
‘ಒಂದರ್ಧ ಗಂಟೆ, ಹಾಸಿಗೆ ಹಸಿಯಾಗಿದೆ’ ಎನ್ನುತ್ತಾಳೆ.

ನಾನು ಕೂಗಲಿಲ್ಲ.
‘ಕ್ವಾರಿಯ ಆ ಗಂಡ ಹೆಂಡತಿ’ ಅಂದೆ, ಅಷ್ಟೇ.

ನಮ್ಮಿಬ್ಬರದೂ ಡ್ಯೂಟಿ ಅವತ್ತು. ಜನವರಿ, ಬೆಳಗಿನ ಜಾವ.
ತಗಡಿನ ಗೂಡಿನಲ್ಲಿ ಕೆಂಡ ಇಟ್ಟುಕೊಂಡು ಮಲಗಿದ್ದರಂತೆ.
ಕೆನ್ನೆ ಕೆಂಪು ಕೆಂಪಗೆ, ಅಷ್ಟು ಚೆಂದದ ಬಣ್ಣ
ಆ ವಾರ್ಡಿನಲ್ಲಿ ನಾವು ಯಾರ ಮುಖದಲ್ಲೂ ಕಂಡಿರಲಿಲ್ಲ.
ಡಾಕ್ಟರು ಬಂದು ಸಾಕು ಎನ್ನುವವರೆಗೂ
ಸೆಲಿನ್ ಅವಳ ಅಂಗೈ ಉಜ್ಜುತ್ತಲೇ ಇದ್ದಳು.
ಅವರನ್ನು ತಂದದ್ದು ಇದೇ ಗಾಡಿಯೇನೋ.
ಆಗ ನಂಬರ್ ನೋಡಲಿಲ್ಲ.
ಕೊಳ್ಳುವಾಗ ಕೇಳಲಿಲ್ಲ.

ಬಾಂಡಲಿಯ ಕಿವಿ ಒಂದೊಂದು ಹಿಡಿದು ಹೊರಗಿಳಿಸಿದೆವು.
ಬಾಗಿಲು, ಕಿಟಕಿ ಎಲ್ಲ ತೆರೆದು
ಇಷ್ಟು ದಿನ ತಡೆದಿದ್ದ ಮಂಜನ್ನು ನಾವೇ ಒಳಗೆ ಬಿಟ್ಟೆವು.
ಆಮೇಲೆ ರಬ್ಬರಿನ ಬಿಸಿನೀರ ಚೀಲ ಎರಡು,
ಒಂದು ಹಾಸಿಗೆಯ ಬೆನ್ನಿಗೆ,
ಒಂದು ಅವಳ ಮೊಣಕಾಲಿಗೆ.
ಕೆಂಡ ವ್ಯರ್ಥವಾಗಬಾರದಲ್ಲ, ಗೆಣಸು ಹಾಕಿದೆವು.

‘ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಬಿಡೇ’ ಅಂದೆ.
‘ಅಷ್ಟು ದೂರ ಯಾಕೆ, ಏಸುವೇ ಅಂತ ನಾಳೆ ಹೋಗಲಿ’ ಅಂದಳು.
ಅವಳ ಕೈ ಇನ್ನೂ ನಡುಗುತ್ತಿತ್ತು. ಗೆಣಸು ತಿರುವುವ ನೆಪ ಮಾಡಿದಳು.

ಮೂರೂವರೆಗೆ ಕರೆಂಟು ಬಂತು.
ಎದುರಿಗೆ ಮೂರು ಕಿಟಕಿ ಹಳದಿಯಾದವು.
ಎದ್ದು ಹೋಗಿ ನೋಡಿದೆ, ಹದಿಮೂರು ಡಿಗ್ರಿ.
ಬಾಗಿಲ ಹಿಂದಿನ ಚಾರ್ಟಿನಲ್ಲಿ ಬರೆದು
ಷರಾಕ್ಕೆ ಏನು ಹಾಕಲಿ ಎಂದು ಕೂಗಿದೆ.

ಬಾಯಿ ತುಂಬ ಬಿಸಿ ಗೆಣಸು ಅವಳಿಗೆ.
ಏನೋ ಹೇಳಿದಳು, ತಿಳಿಯಲಿಲ್ಲ.
ಸಹಿ ಹಾಕಿ ಬಂದೆ.